ಅವ್ವ ನುಂಗದ ಗುಳಿಗೆ

ದೆವ್ವ, ಶಕುನ, ಸತ್ತವರು ಬಂದು ಹೇಳುವುದು ಇವೆಲ್ಲ ನನಗೆ ಆಗಿಬರುವುದಿಲ್ಲ. ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ಶುರುಮಾಡಿದರೆ ಮೊದಲು ಕಾಲೆಳೆಯುವವನು ನಾನೇ. ಈಗ ನಂಬುತ್ತೇನೆ ಅಂತಲ್ಲ. ಆದರೆ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನಡೆದದ್ದನ್ನು ಹೇಗೆ ತಿರುಗಿಸಿ ನೋಡಿದರೂ ನನಗೆ ಬಗೆಹರಿಯುತ್ತಿಲ್ಲ. ಬಗೆಹರಿಸುವ ಪ್ರಯತ್ನದಲ್ಲೇ ಸಾಕಾಗಿಹೋಗಿದೆ. ನಡೆದಷ್ಟನ್ನು ಬರೆದುಬಿಡುತ್ತೇನೆ.

ನಮ್ಮೂರು ದೇಶನೂರು. ಅವ್ವ ನಮ್ಮ ಜೊತೆಗೇ ಇರುತ್ತಾಳೆ. ಗ್ಲುಕೋಮಾದಿಂದ, ಅಂದರೆ ಕಣ್ಣೊಳಗಿನ ಒತ್ತಡ ಏರಿ, ಅವಳ ಎಡಗಣ್ಣು ಮೊದಲೇ ಹೋಗಿತ್ತು. ಪೊರೆ ಇರಬೇಕು, ಭತ್ತದ ಕೊಯ್ಲು ಮುಗಿಯಲಿ ಅಂತ ಕೂತದ್ದು ನಮ್ಮದೇ ತಪ್ಪು. ಆ ವಾರ ಬಲಗಣ್ಣೂ ಕೆಂಪಾಯಿತು. ತಲೆ ಸಿಡಿಯುವ ನೋವು, ವಾಂತಿ. ಎರಡು ದಿನ ಸಿರುಗುಪ್ಪದಲ್ಲೇ ಅಲೆದು, ಮೂರನೆಯ ದಿನ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದೆವು. ಕಂಟೋನ್ಮೆಂಟ್ ಕಡೆಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನಮ್ಮ ಪಾಳಿ ಬರುವ ಹೊತ್ತಿಗೆ ಒಂದೂವರೆ. ನನಗೆ ನಿಂತಲ್ಲೇ ನಿದ್ದೆ ಎಳೆಯುತ್ತಿತ್ತು.

ಡಾಕ್ಟರಮ್ಮ ನೋಡಿದವರೇ, ಸಂಜೆಯೊಳಗೆ ಒತ್ತಡ ಇಳಿಯದಿದ್ದರೆ ಈ ಕಣ್ಣೂ ಉಳಿಯುವುದಿಲ್ಲ ಎಂದರು. "ಯಾವುದರ ಗುಳಿಗಿ ಅಲರ್ಜಿ ಐತೇನಮ್ಮಾ?" ಎಂದು ಅವ್ವನನ್ನು ಕೇಳಿದರು.

"ಎಲ್ಲಾ ಗುಳಿಗೀನೂ ಆಗತಾವ್ರಿ ನನಗ" ಅಂದಳು ಅವ್ವ.

ಬರೆದುಕೊಟ್ಟದ್ದು ಅಸೆಟಜೋಲಮೈಡ್. ಔಷಧಿ ಅಂಗಡಿಯವನು ಅದನ್ನು ನೀರಿನ ಗುಳಿಗಿ ಎಂದ. ಮೈಯಲ್ಲಿ ನೀರು ತುಂಬಿ ಬಾವು ಬಂದರೂ, ಫಿಟ್ಸಿಗೂ, ಕಣ್ಣಿನ ಒತ್ತಡಕ್ಕೂ ಕೊಡುತ್ತಾರಂತೆ. "ಉಚ್ಚಿ ಜಾಸ್ತಿ ಹೋಗತಾವ, ಬೆರಳು ಜುಮ್ ಅಂತಾವ, ಅಂಜಬ್ಯಾಡ್ರಿ ಸಾರ್" ಎಂದ.

ಅಂಗಡಿ ಮುಂದೆ ಗುಂಪಿತ್ತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು, ಅವ್ವನಿಗಿಂತ ತುಸು ದೊಡ್ಡವಳಿರಬೇಕು, "ಯಾರಿಗೆ ತಮ್ಮಾ?" ಎಂದು ಕೇಳಿದಳು. ನಮ್ಮವ್ವಗ ಅಂದೆ.

"ಬ್ಯಾಡಪ್ಪಾ. ಆಕಿಗೆ ಅವತ್ತು ಬಂದಿದ್ದು ಅಮ್ಮ ಅಲ್ಲ, ಗುಳಿಗಿ."

ಮೈಮೇಲೆ ಸಿಡುಬಿನಂಥ ಗುಳ್ಳೆ ಎದ್ದರೆ ನಮ್ಮ ಕಡೆ ಅಮ್ಮ ಬಂದಿದೆ ಅನ್ನುತ್ತಾರೆ. ಅದನ್ನು ರೋಗವೆಂದು ಎಣಿಸುವುದಿಲ್ಲ, ದೇವಿ ಬಂದಳೆಂದೇ ನಡೆದುಕೊಳ್ಳುತ್ತಾರೆ. ಆದರೆ ಅವ್ವನಿಗೆ ಅಂಥದ್ದು ಆಗಿತ್ತೆಂದು ನಾನು ಕೇಳಿರಲಿಲ್ಲ. ಔಷಧಿ ಹಿಡಿದು ತಿರುಗುವಷ್ಟರಲ್ಲಿ ಮುದುಕಿ ಇರಲಿಲ್ಲ. ಅರಳುಮರುಳು ಅಂದುಕೊಂಡು ಒಳಗೆ ಹೋದೆ.

ಅವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಗುಳಿಗೆ ಕೈಗಿಟ್ಟೆ. ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಾ, ಸುಮ್ಮನೆ ಬಾಯಿಗೆ ಬಂತು:

"ಯವ್ವಾ, ನಿನಗ ಯಾವಾಗರ ಅಮ್ಮ ಬಂದಿತ್ತೇನು?"

ಅವಳ ಕೈ ಅಲ್ಲೇ ನಿಂತಿತು. "ಯಾರ್ ಹೇಳಿದ್ರು ನಿನಗ?"

ಅಂಗಡಿ ಮುಂದಿನ ಮುದುಕಿಯ ಮಾತು ಹೇಳಿದೆ. ಬಂದಿತ್ತಂತೆ. ಮದುವೆಗೆ ಮುಂಚೆ, ತವರೂರು ಕುರುಗೋಡಿನಲ್ಲಿ. ಅಕ್ಕ ಹಂಪಮ್ಮ ದವಾಖಾನೆಯಿಂದ ತಂದ ಗುಳಿಗೆಯನ್ನು ಜ್ವರಕ್ಕೆಂದು ವಾರ ನುಂಗಿದ ಮೇಲೆ ಮೈ, ಬಾಯಿ ಎಲ್ಲ ಬೊಬ್ಬೆ ಎದ್ದು ಚರ್ಮ ಸುಲಿದುಬಂತು. ಹಿರಿಯರು ಅಮ್ಮ ಎಂದು ಗುಳಿಗೆ ಬಿಡಿಸಿ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಬದುಕಿಕೊಂಡಳು. ಹಂಪಮ್ಮ ಒಬ್ಬಳೇ ಇದು ಅಮ್ಮ ಅಲ್ಲ, ಗುಳಿಗಿ ಎಂದು ಹಟ ಹಿಡಿದಳು. ದೇವಿಯನ್ನು ಹೀಗೆ ಹಳಿದರೆ ತನ್ನ ಜೀವಕ್ಕೇ ಕುತ್ತು ಎಂದು ಹೆದರಿ ಅವ್ವ ಅಕ್ಕನ ಜೊತೆ ಮಾತು ಬಿಟ್ಟಳು. ಬಿಟ್ಟದ್ದು ಬಿಟ್ಟೇ ಹೋಯಿತು. ಹಂಪಮ್ಮ ಸತ್ತು ಬಹಳ ವರ್ಷವಾಯಿತು; ಅವ್ವ ಮಣ್ಣಿಗೂ ಹೋಗಲಿಲ್ಲ. ಆ ದೊಡ್ಡವ್ವನ ಮುಖ ನಾನು ಫೋಟೋದಲ್ಲಿ ಕೂಡ ಕಂಡವನಲ್ಲ.

ಗುಳಿಗೆ ಕಸಿದುಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಎಲ್ಲ ಕೇಳಿ, ಚೀಟಿಯಲ್ಲಿ ಆ ಗುಳಿಗೆಯ ಹೆಸರು ಹೊಡೆದುಹಾಕಿದರು. ಆಗ ಕೊಟ್ಟದ್ದು ಸಲ್ಫಾ ಎಂಬ ಜಾತಿಯ ಔಷಧಿ ಇದ್ದಿರಬಹುದು, ಇದೂ ಅದರ ಬಳಗದ್ದೇ, ನುಂಗಿದ್ದರೆ ಏನೂ ಆಗದೆಯೂ ಇರಬಹುದಿತ್ತು, ಜೀವಕ್ಕೆ ಅಪಾಯವಾಗಲೂಬಹುದಿತ್ತು ಎಂದರು. ಬೇರೆ ಡ್ರಿಪ್ ಹಾಕಿ, ಕಣ್ಣಿಗೆ ಹನಿ ಬಿಟ್ಟು, ಮರುದಿನ ಲೇಸರ್ ಮಾಡಿದರು. ಬಲಗಣ್ಣು ಅರ್ಧಮರ್ಧ ಉಳಿಯಿತು. ಈಗಲೂ ಅವ್ವ ತಟ್ಟೆಯಲ್ಲಿನ ಅನ್ನ ನೋಡಿಕೊಂಡು ಉಣ್ಣುತ್ತಾಳೆ.

ಆ ಮುದುಕಿ ಯಾರು ಎಂದು ಅಂಗಡಿಯವನನ್ನು ಕೇಳಿದೆ. ದಿನಕ್ಕೆ ಎಷ್ಟೋ ಮಂದಿ ಬರುತ್ತಾರೆ ಸಾರ್ ಎಂದ, ಅವನ ಮಾತೂ ಸರಿಯೇ. ಚಿಕ್ಕಂದಿನಲ್ಲಿ ಎಲ್ಲೋ ಕಿವಿಗೆ ಬಿದ್ದದ್ದು, ಮೂರು ದಿನ ನಿದ್ದೆಗೆಟ್ಟ ತಲೆಯಲ್ಲಿ ಎದ್ದಿತೇನೋ ಎಂದೂ ಯೋಚಿಸಿದ್ದೇನೆ. ಹಾಗಿದ್ದರೆ ಆ ಮಾತಿನ ಅರ್ಥ ನನಗೇ ಯಾಕೆ ಆಗಲಿಲ್ಲ? ಬಂದವಳು ಯಾರೆಂದು ಅವ್ವನಿಗೆ ಮಾತ್ರ ಕ್ಷಣವೂ ಅನುಮಾನವಿರಲಿಲ್ಲ.

ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡು ಕೂತವಳು ಬಹಳ ಹೊತ್ತಿನ ಮೇಲೆ ಕೇಳಿದಳು: "ನಾನು ಹೆಂಗದೀನಿ ಅಂತ ಕೇಳಿದ್ಲೇನು?"

ಕೇಳಿರಲಿಲ್ಲ. ಆದರೂ ಕೇಳಿದ್ಲು ಅಂದೆ. ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ.

"ಮತ್ತ ಒಳಗ ಬರಾಕ ಏನಾಗಿತ್ತು ಆಕಿಗೆ?" ಅಂದಳು ಅವ್ವ. "ನಾನು ಅಲ್ಲೇ ಕುಂತಿದ್ನಲ್ಲಪ್ಪಾ, ಹತ್ತು ಹೆಜ್ಜಿ."