ಜಾರುವ ಸೆಟ್ಟು, ಜಾರದ ಸೆಟ್ಟು

ಕುಂದಾಪುರದ ಪೇಟೆಯಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗೆ ಒಂದು ಇಸ್ತ್ರಿ ಅಂಗಡಿಯಿದೆ. ಮೊನ್ನೆ ಮೆಟ್ಟಿಲಿಳಿಯುವಾಗ, ಪೂರ್ತಿ ಒಣಗದ ಬಟ್ಟೆಯ ಮೇಲೆ ಕಾದ ಪೆಟ್ಟಿಗೆ ಇಟ್ಟ ವಾಸನೆ ಬಂತು. ಮುಗ್ಗಲು ಹತ್ತಿ, ಆವಿ, ಇನ್ನೇನು ಸುಟ್ಟೇಬಿಡುತ್ತದೆ ಎನ್ನುವಂಥ ಧೂಳು. ಮರುಕ್ಷಣ ನಾನು ನಾವುಂದದ ನಮ್ಮ ಮನೆಯ ಚಾವಡಿಯಲ್ಲಿದ್ದೆ. ಎದುರಿಗೆ ರೇಡಿಯೋ ಸೆಟ್ಟು, ಅದರ ಮೇಲೆ ಹರಡಿದ ನನ್ನ ಶಾಲೆಯ ಲಂಗ, ಪಕ್ಕದಲ್ಲಿ ಮೈಕು ಹಿಡಿದು ಕೂತ ರಾಘು ಮಾವ. ವಾಸನೆಯೊಂದು ಮನುಷ್ಯರನ್ನು ಹೀಗೆ ಎತ್ತಿಕೊಂಡು ಹೋಗುತ್ತದೆಂದು ಯಾರಾದರೂ ಚರ್ಚಾಸ್ಪರ್ಧೆಯಲ್ಲಿ ಹೇಳಿದ್ದರೆ ನಾನು ಎದ್ದು ನಿಂತು ಆಧಾರ ಕೇಳುತ್ತಿದ್ದೆ. ನಿಮ್ಮಲ್ಲೂ ಇಂಥದೊಂದು ವಾಸನೆ ಇದ್ದರೆ ನೀವು ಆಧಾರ ಕೇಳಲಾರಿರಿ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ರಾಘು ಮಾವ ಅಮ್ಮನ ತಮ್ಮ. ನಾವು ಮಕ್ಕಳು ಅಮ್ಮನ ಕಡೆಯ ಮನೆಯಲ್ಲೇ ಬೆಳೆದವರು, ನಮ್ಮಲ್ಲಿ ಅದೇನೂ ವಿಶೇಷವಲ್ಲ. ಮಾವ ಸರಕು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದರು. ಹಡಗುಗಳಿಗೆ ಉಪಗ್ರಹದ ಫೋನು ಬಂದು, ಕಟ್ಟು ಕಡ ಎಂದು ಮೋರ್ಸ್ ಸಂಕೇತ ಕುಟ್ಟುವವರು ಯಾರಿಗೂ ಬೇಡವಾದಾಗ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದರು. ಅದೇ ಹಡಗಿನಲ್ಲಿ ಜೊತೆಗಿದ್ದ ವಿನ್ಸೆಂಟ್ ಗೋವೆಗೆ ಹೋದ. ಇಬ್ಬರೂ ಪರವಾನಗಿ ಪಡೆದು, ಮನೆಯಿಂದಲೇ ದೂರದವರೊಡನೆ ಮಾತಾಡುವ ಹವ್ಯಾಸಿಗಳ ಹ್ಯಾಮ್ ರೇಡಿಯೋ ಹಚ್ಚಿಕೊಂಡರು, ಬೆಳಕು ಹರಿದ ಮೇಲೆ ದಿನಾ ಗಾಳಿಯಲ್ಲಿ ಭೇಟಿಯಾದರು. ಮಾತು ಕೊಂಕಣಿಯಲ್ಲಿ, ವಿಷಯ ಏನೂ ಇಲ್ಲ. ಇವತ್ತು ಯಾವ ಮೀನು, ಗಾಳಿ ಯಾವ ಕಡೆಯದು, ಹಿಂದೊಮ್ಮೆ ಹಡಗಿನ ಅಡುಗೆಯವನು ಹೇಗೆ ಜಾರಿ ಬಿದ್ದಿದ್ದ. ಆದರೆ ಮಾವ ದಿನದ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದದ್ದು ಆಗಲೇ. ಆಮೇಲೆ ಮನೆಯವರಿಗೆ ಸಿಗುತ್ತಿದ್ದದ್ದು ಬರೀ “ಹೂಂ”, “ಹಾಂ”. ಅವರೇ ಕಟ್ಟಿಕೊಂಡಿದ್ದ ಸೆಟ್ಟು ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಾಗ ಆ ಹೂಂ, ಹಾಂ ಕೂಡ ನಿಂತಿತು. ಬೆಳಿಗ್ಗೆ ಸತ್ತ ಸೆಟ್ಟಿನ ಮುಂದೆಯೇ ಬಂದು ಕೂರುತ್ತಿದ್ದರು. ಅಮ್ಮಮ್ಮ, ಅಂದರೆ ನನ್ನ ಅಜ್ಜಿ, ಬಾಗಿಲಲ್ಲಿ ನಿಂತು ನನಗೆ ಕೇಳುವಷ್ಟೇ ಮೆತ್ತಗೆ ಹೇಳಿದಳು: “ನಮ್ಮತ್ರ ಮಾತಾಡ್ದಿರ್ ಅಡ್ಡಿಲ್ಲೆ. ಆ ಗೋವೆಯವನ್ ಹತ್ರ ಆದ್ರೂ ಮಾತಾಡ್ಲಿ ಅಂವ.”

ಆಗ ಬ್ರಹ್ಮಾವರದ ಹಳೆಯ ಹ್ಯಾಮ್ ಒಬ್ಬರು ಕಣ್ಣು ಮಂಜಾಗಿ ಹವ್ಯಾಸ ಬಿಡುವವರಿದ್ದರು. ಅವರ ಹತ್ತಿರ ಎರಡು ಹಳೆಯ ಸೆಟ್ಟುಗಳಿದ್ದವು, ಎರಡೂ ಕೇಳುವುದಕ್ಕೂ ಹೇಳುವುದಕ್ಕೂ ಆಗುವಂಥವು, ಎರಡೂ ಅಗ್ಗ. “ಎರಡೂ ತಕಂಡ್ ಹೋಯ್ನಿ, ಹಚ್ಚಿ ಕಾಣಿ. ಒಂದನ್ ಇಟ್ಕಣಿ. ಇನ್ನೊಂದ್ ಶಿರೂರಿನ್ ಗುಜರಿಯವ್ನಿಗೆ ಹೇಳಿ ಆಯ್ತ್” ಎಂದರು. ಹೀಗೆ ಎರಡು ಪೆಟ್ಟಿಗೆಗಳು ಬಾಡಿಗೆ ರಿಕ್ಷಾದಲ್ಲಿ ನಮ್ಮ ಚಾವಡಿಗೆ ಬಂದವು, ಅವುಗಳ ಜೊತೆಗೆ ಇವತ್ತಿಗೂ ಬಗೆಹರಿಯದ ಒಂದು ಗೊಂದಲವೂ.

ಒಂದು ಅಮೆರಿಕದ್ದು, ಬೂದು ಬಣ್ಣದ್ದು, ಒಳಗೆಲ್ಲ ಬಲ್ಬಿನ ಹಾಗೆ ಕಾದು ಬೆಳಗುವ ಗಾಜಿನ ವಾಲ್ವುಗಳೇ. ಇನ್ನೊಂದು ಜಪಾನಿನದು, ನಯವಾದದ್ದು, ಹೊಟ್ಟೆಯೊಳಗೆ ಟ್ರಾನ್ಸಿಸ್ಟರು, ದನಿಯನ್ನು ಹೊರಗೆ ಕಳಿಸುವ ಕಡೆ ಮಾತ್ರ ಒಂದೆರಡು ವಾಲ್ವು. ಅಮೆರಿಕದ್ದು ಎಷ್ಟು ಬಿಸಿಯಾಗುತ್ತಿತ್ತೆಂದರೆ ಅಮ್ಮಮ್ಮ ಅದಕ್ಕೆ ‘ಒಲೆ’ ಎಂದೇ ಹೆಸರಿಟ್ಟಳು. ಜಪಾನಿನದು ‘ಮದುಮಗಳು’. ಮಾವ ಬಚ್ಚಲ ಹಂಡೆಗೆ ಬೆಂಕಿ ಹಾಕಿದ ಕೂಡಲೇ ಸೆಟ್ಟನ್ನೂ ಹಾಕಿ ಬರುತ್ತಿದ್ದರು. ತೆಂಗಿನ ಸಿಪ್ಪೆ ಹೊತ್ತಿ, ನೀರು ಕಾದು, ಸ್ನಾನ ಮುಗಿಯುವಷ್ಟರಲ್ಲಿ ವಾಲ್ವುಗಳೂ ಕಾದಿರುತ್ತಿದ್ದವು. ನೀರಿನ ಹಾಗೇ ಸ್ವರವನ್ನೂ ಕಾಯಿಸಬೇಕು ಎಂಬುದು ನಮ್ಮ ಮನೆಯಲ್ಲಿ ಸಹಜ ಸಂಗತಿ. ಆದರೆ ಒಲೆ ಎಷ್ಟು ಕಾದರೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಿಸಿಗೆ ಅದರ ಮುಳ್ಳು ಕೂತಲ್ಲೇ ಇದ್ದರೂ ಸ್ವರ ಮೆಲ್ಲಗೆ ಜಾರುತ್ತಿತ್ತು. ಗಂಡಸಿನ ದನಿ ಬಾತುಕೋಳಿಯದಾಗುತ್ತ ಹೋಗುತ್ತಿತ್ತು, ಮತ್ತೆ ಗುಂಡಿ ತಿರುಗಿಸಿ ಹಿಡಿಯಬೇಕು. ಅಷ್ಟೇ ಆದರೆ ಸರಿ. ಒಲೆಗೆ ಇದ್ದದ್ದು ಒಂದೇ ಗುಂಡಿ. ಆಚೆಯವನನ್ನು ಹುಡುಕಿ ಗುಂಡಿ ತಿರುಗಿಸಿದರೆ ನಾವು ಮಾತಾಡುವ ಜಾಗವೂ ಅವನ ಹಿಂದೆಯೇ ಸರಿಯುತ್ತದೆ. ಮದುಮಗಳಿಗಾದರೆ ಕೇಳುವುದಕ್ಕೆಂದೇ ಬೇರೆ ಸಣ್ಣ ಗುಂಡಿ. ಆಚೆಯವನು ಎಲ್ಲಿಗೇ ಜಾರಲಿ, ಕಿವಿ ಮಾತ್ರ ಅಲ್ಲಿಗೆ ಹೋಗುತ್ತದೆ, ನಾವು ನಮ್ಮ ಜಾಗದಲ್ಲೇ ಇರುತ್ತೇವೆ.

ನಾನಾಗ ಹೈಸ್ಕೂಲು, ಬೈಂದೂರಿನ ಒಂದು ಸ್ಪರ್ಧೆಯಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಂದ ಅಮಲು ಇಳಿದಿರಲಿಲ್ಲ.

“ಮಾವ, ಇದ್ರಲ್ಲಿ ವಾದ ಮಾಡುಕೇ ಎಂತ ಇಲ್ಲೆ. ಒಂದ್ ಜಾರತ್ತ್, ಒಂದ್ ಜಾರುದಿಲ್ಲೆ” ಎಂದೆ.

“ವಕೀಲಮ್ಮ, ವಿನ್ಸೆಂಟನ ಸೆಟ್ಟೂ ಜಾರತ್ತಲೆ?”

“ಅದ್ಕೇ ಹೇಳುದ್. ಅಂವ ಜಾರ್ಲಿ. ನೀವ್ ನಿಂತಲ್ಲೇ ನಿಂತ್ಕಂಡ್ ಕೇಳಿ.”

“ಅಂವ ಹೋದಲ್ಲಿಗೆ ನಾನ್ ಹೋಪುದ್ ಬ್ಯಾಡ್ದಾ?”

“ಇಬ್ರೂ ಹಾಂಗೇ ಹೋದ್ರೆ ಕಡೀಗ್ ಎಲ್ಲಿ ಮುಟ್ತ್ರಿ?”

ಮಾವ ಬಹಳ ದಿನಗಳ ಮೇಲೆ ನಕ್ಕರು. “ಅದೇ ಗೊತ್ತಿಲ್ಲೆ ಕಾಣ್.”

ಒಳಗಿನಿಂದ ಅಮ್ಮಮ್ಮ ಬಂದಳು. “ಹ್ವಾಯ್, ನಿಮ್ಮ ಜಾರುದೆಲ್ಲ ನಂಗ್ ಗೊತ್ತಿಲ್ಲೆ. ಒಲೆ ಮೇಲ್ ಹಾಕ್ರೆ ಹೆಣ್ಣಿನ್ ಲಂಗ ಒಣಗುತ್ತ್. ಮದುಮಗ್ಳ್ ಮೇಲ್ ಹಾಕಿದ್ದ್ ಹಾಂಗೇ ಇತ್ತ್, ಹಸಿ ಹಸಿ.” ಮಳೆಗಾಲದಲ್ಲಿ ಬಟ್ಟೆ ಒಣಗದ ಊರಿನಲ್ಲಿ ಇದು ಸಣ್ಣ ವಾದವಲ್ಲ. ಒಪ್ಪಿಕೊಳ್ಳುತ್ತೇನೆ, ಆ ಸುತ್ತಿನಲ್ಲಿ ಅಂಕ ಅವಳಿಗೇ ಹೋಗಬೇಕು.

ಮಾವ ಮಾತ್ರ ತೀರ್ಮಾನಕ್ಕೆ ಬರಲಿಲ್ಲ. ಒಂದು ದಿನ ಇದನ್ನು ಹಚ್ಚುವರು, ಮರುದಿನ ಅದನ್ನು. ವಿನ್ಸೆಂಟನನ್ನು ಕರೆಯದೆ ಬರೀ ಕೇಳುತ್ತ ಕೂರುವರು. ಎರಡು ತೆಂಗಿನಮರಗಳ ನಡುವೆ ಕಟ್ಟಿದ ತಂತಿಯ ತುದಿಯನ್ನು ಇದರಿಂದ ಕಿತ್ತು ಅದಕ್ಕೆ ಸಿಕ್ಕಿಸುವರು. ಅದನ್ನು ನೋಡಲಾರದೆ ಅಮ್ಮಮ್ಮ ದೇವರನ್ನೇ ಕೇಳುವುದೆಂದು ನಿಶ್ಚಯಿಸಿದಳು. ಸಂಜೆ ದೀಪ ಹಚ್ಚಿ, ಕೆಂಪು ಕೇಪಳದ ಹೂವನ್ನು ಒಂದು ಎಲೆಯಲ್ಲಿ, ಬಿಳಿ ನಂದಿಬಟ್ಟಲನ್ನು ಇನ್ನೊಂದು ಎಲೆಯಲ್ಲಿ ಮಡಚಿ ಮಣೆಯ ಮೇಲಿಟ್ಟಳು. ಯಾವ ಹೂ ಯಾವ ಸೆಟ್ಟಿಗೆ ಎಂಬುದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಎತ್ತುವವರಿಗೆ ತಿಳಿಯಬಾರದು, ಅದು ಕ್ರಮ. ಎತ್ತುವ ಕೆಲಸ ನನ್ನದು. ನಂಬಿಕೆ ಇಲ್ಲದವಳು ಎತ್ತಿದರೆ ಉತ್ತರ ಊರ್ಜಿತವೇ ಎಂದು ಕೇಳಿದೆ. ಬಾಯಿ ಮುಚ್ಚು ಎಂದಳು. ಎತ್ತಿದೆ. ಕೆಂಪು.

ಅಮ್ಮಮ್ಮ ಕೈಮುಗಿದಳು. ಆಮೇಲೆ ಅವಳ ಮುಖ ಮೆಲ್ಲಗೆ ಬದಲಾಯಿತು. “ಕೆಂಪ್ ಯಾವ್ದಕ್ ಅಂದಿದ್ದೆ ನಾನ್?”

“ನಮ್ಮತ್ರ ಕೇಂತ್ಯಾ? ಅವ್ರತ್ರ ಕೇಣ್” ಎಂದು ಮಾವ ದೇವರ ಕಡೆ ಕೈ ತೋರಿದರು.

“ಒಲೆ ಅಂದ್ರೆ ಕೆಂಪೇ ಅಲ್ದಾ. ಅಲ್ಲ, ಮದುಮಗ್ಳ ಕೆಂಪ್ ಲೈಟ್ ಕಂಡ್ಕಂಡ್ ಅಂದ್ನಾ... ಅಯ್ಯೋ ದೇವ್ರೆ.”

“ಇನ್ನೊಂದ್ ಸಲ ಕೇಣ್.”

“ಹೇಳಿದ್ ದೇವ್ರಿಗೆ ಮತ್ತ್ ಕೇಂಬುಕಾಗ!”

ಹೀಗೆ ಪ್ರಶ್ನೆ ಮರೆತುಹೋಗಿ ಉತ್ತರ ಮಾತ್ರ ನಮ್ಮ ಕೈಯಲ್ಲಿ ಉಳಿಯಿತು. ನಾನು ಅಡ್ಡಬಿದ್ದು ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ಮಾವ ಒಲೆಯನ್ನು ಕಾಯಿಸಿ ವಿನ್ಸೆಂಟನನ್ನು ಕರೆದರು. ಗೋವೆಯಿಂದ ಅವನ ದನಿ ಬಂತು, ದಪ್ಪವಾಗಿ, ಕೆಮ್ಮಿನೊಂದಿಗೆ. ಮಾತಿಗೆ ಮಾತು ಬೆಳೆಯಿತು. ಅವನು ಜಾರಿದಾಗ ಮಾವ ಗುಂಡಿ ತಿರುಗಿಸಿದರು, ಮಾವ ಜಾರಿದಾಗ ಅವನು ತಿರುಗಿಸಿರಬೇಕು. ಮಾತು ಮುಗಿಯುವ ಹೊತ್ತಿಗೆ ಇಬ್ಬರೂ ಹೊರಟ ಜಾಗದಿಂದ ಎಷ್ಟೋ ದೂರ ಬಂದಿದ್ದರು. ಡಯಲ್ಲಿನ ಮುಳ್ಳು ನೋಡಿ ಮಾವ ಅದನ್ನು ಹೇಳಿದಾಗ ಆಚೆಯಿಂದ ನಗುವಿನ ಅಲೆಯೊಂದು ಬಂತು. ಮಧ್ಯಾಹ್ನದ ಹೊತ್ತಿಗೆ ಮದುಮಗಳನ್ನು ಹಳೆ ಹೊದಿಕೆಯಲ್ಲಿ ಸುತ್ತಿ ಶಿರೂರಿನ ಬಸ್ಸಿಗೆ ಹಾಕಿ ಬಂದರು. ಕೆಂಪು ಎಂದರೆ ಒಲೆಯೇ ಎಂದು ಅಮ್ಮಮ್ಮ ಅಂದಿನಿಂದ ಖಡಾಖಂಡಿತವಾಗಿ ಹೇಳತೊಡಗಿದಳು. ನನಗಂತೂ ಅರ್ಥವಾಗಲಿಲ್ಲ. ವಾದದಲ್ಲಿ ಗೆದ್ದ ಸೆಟ್ಟು ಗುಜರಿಗೆ ಹೋಗಿತ್ತು.

ನಾನು ಕಾಲೇಜು ಸೇರಿದ ಮೇಲೆ, ಒಂದು ಸಂಜೆ ಗೋವೆಯಿಂದ ವಿನ್ಸೆಂಟನ ಮಗ ಫೋನು ಮಾಡಿದ. ಎತ್ತಿದ್ದು ಅಮ್ಮಮ್ಮ. ಅವಳು ಹೇಳಿದ್ದನ್ನು ಮಾವ ಪೂರ್ತಿ ಕೇಳಿಸಿಕೊಂಡರು, ತಲೆಯಾಡಿಸಿದರು, ಊಟ ಮಾಡಿದರು. ಬೆಳಿಗ್ಗೆ ಎಂದಿನಂತೆ ಹಂಡೆಗೆ ಬೆಂಕಿ ಹಾಕಿ, ಒಲೆಯನ್ನೂ ಹಾಕಿದರು. ಸ್ನಾನ ಮುಗಿಸಿ ಬಂದು ಕೂತರು. ವಿನ್ಸೆಂಟನ ಜಾಗದಲ್ಲಿ ಬರೀ ಸೊಯ್ಯೆನ್ನುವ ಸದ್ದು. ಮಾವ ಗುಂಡಿಯನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ಇನ್ನೂ ಸ್ವಲ್ಪ ಆಚೆಗೆ.

“ಎಂತ ಹುಡ್ಕುದ್ ಮಾವ?” ಎಂದೆ.

“ಅಂವ ಎಲ್ಲೋ ಜಾರಿದ್ದ” ಎಂದರು. ಅಷ್ಟೇ.

ಸತ್ತವರು ಜಾರುವುದಿಲ್ಲ ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರ ಬೆರಳುಗಳನ್ನು ನೋಡುತ್ತ ಕೂತೆ. ಮದುಮಗಳಿದ್ದಿದ್ದರೆ ಆ ಮೌನ ಒಂದೇ ಜಾಗದಲ್ಲಿ, ಅನುಮಾನಕ್ಕೆಡೆಯಿಲ್ಲದೆ ಇರುತ್ತಿತ್ತು. ಮೊದಲ ಬೆಳಿಗ್ಗೆಯೇ ಮಾವ ಎದ್ದುಬಿಡುತ್ತಿದ್ದರೋ ಏನೋ. ಒಲೆಯ ಮುಂದೆ ಅವರು ಮತ್ತೆಷ್ಟೋ ಬೆಳಿಗ್ಗೆ ಕೂತರು. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ? ಪರವಾಗಿ ವಾದಿಸಬಲ್ಲೆ, ವಿರೋಧವಾಗಿಯೂ ವಾದಿಸಬಲ್ಲೆ. ತೀರ್ಪು ಮಾತ್ರ ಕೈಗೆ ಸಿಗುವುದಿಲ್ಲ.

ಈಗ ಮಾವನಿಲ್ಲ, ಅಮ್ಮಮ್ಮನಿಲ್ಲ. ಹೆದ್ದಾರಿ ಅಗಲವಾದಾಗ ಚಾವಡಿಯೂ ತಂತಿ ಕಟ್ಟಿದ ತೆಂಗಿನಮರಗಳೂ ಹೋದವು. ಬಸ್ಸು ಅಲ್ಲಿ ಹಾಯುವಾಗ ಬಚ್ಚಲು ಎಲ್ಲಿತ್ತೆಂದು ಲೆಕ್ಕ ಹಾಕಲು ನೋಡುತ್ತೇನೆ, ಅಷ್ಟರಲ್ಲಿ ದಾಟಿಹೋಗಿರುತ್ತದೆ. ಒಲೆ ನನ್ನ ಹತ್ತಿರವಿದೆ. ಇಲ್ಲಿ ತಂತಿ ಕಟ್ಟಲು ಜಾಗವಿಲ್ಲ, ಮಾತಾಡಲು ನನಗೆ ಪರವಾನಗಿಯೂ ಇಲ್ಲ. ಮೊನ್ನೆ ಆ ವಾಸನೆ ಬಂದ ದಿನ ಮೆಟ್ಟಿಲು ಹತ್ತಿ ವಾಪಸು ಬಂದು ಅದನ್ನು ಹಾಕಿದೆ. ವಾಲ್ವುಗಳು ಒಂದೊಂದಾಗಿ ಕೆಂಪಾದವು. ಕಾಯಲು ಬಿಟ್ಟು, ಬೆಳಿಗ್ಗೆ ಒಗೆದು ಇನ್ನೂ ಒಣಗದ ನನ್ನ ದುಪಟ್ಟಾವನ್ನು ತಂದು ಅದರ ಮೇಲೆ ಹರಡಿದೆ.