ಬಾಜೂ ಮನೆಯ ಮಾಳಿಗೆ

ಮಸಗುಪ್ಪಿಯಲ್ಲಿ ನನ್ನ ಬಾಜೂ ಮನೆಯಲ್ಲಿ ಒಬ್ಬಾಕೆ ಇದ್ದಳು. ಮೊಬೈಲ್ ಟವರ್ ಕೂರಿಸುವವರು ಬಂದು ನಮ್ಮಿಬ್ಬರ ಮಾಳಿಗೆಯನ್ನೂ ಸುತ್ತಿಗೆಯಿಂದ ಬಡಿದು ನೋಡಿದರು. ನನ್ನದು ಭಾರ ತಡೆಯುವುದಿಲ್ಲ ಎಂದು ಅವಳದರ ಮೇಲೆ ಕಂಬ ನಿಲ್ಲಿಸಿ, ಅದು ಅಲ್ಲಾಡದಂತೆ ಸುತ್ತಲೂ ತಂತಿ ಬಿಗಿದರು. ತಿಂಗಳ ಬಾಡಿಗೆ ಅವಳ ಪಾಲಾಯಿತು. ನನ್ನ ಹೊಟ್ಟೆ ಉರಿಯಿತು.

ಅಂದಿನಿಂದ ನಳದ ಹತ್ತಿರ, ಮದುವೆಯ ಪಂಕ್ತಿಯಲ್ಲಿ, ಎಲ್ಲಿ ಕಂಡರೂ ಸೆರಗು ಸರಿಮಾಡಿಕೊಂಡು ಆಕೆಯದು ಒಂದೇ ಮಾತು: “ನಮ್ಮ ಮಾಳಗಿ ತಡೀತೈತ್ರಿ.”

ಬೇಸಿಗೆಯಲ್ಲಿ ನಾನು ಶಾವಿಗೆ ಹೊಸೆದು ನನ್ನ ಮಾಳಿಗೆಯ ಮೇಲೆ ಒಣಹಾಕಿದೆ. ಆಕೆಯೂ ಹೊಸೆದು, ಆ ತಂತಿಗಳಿಗೇ ಕೋಲು ಕಟ್ಟಿ ಒಣಹಾಕಿದಳು. ಅಂದೇ ತಪಾಸಣೆಗೆ ಬಂದ ಟವರಿನವನು ಸಿಡಿದೆದ್ದ.

“ಕಾಕೂ, ಈ ತಂತಿ ಸಡ್ಲ ಆತಂದ್ರ ಕಂಬ ನಿಮ್ಮ ತಲಿ ಮ್ಯಾಲ ಬೀಳತೈತಿ!”

ಕೋಲುಗಳನ್ನು ಬಿಚ್ಚಿಸಿ, ಮಾಳಿಗೆಯ ಬಾಗಿಲಿಗೆ ಕೀಲಿ ಜಡಿದು ಹೋದ. ನನಗೆ ಒಳಗೊಳಗೇ ಹಿಗ್ಗು.

ಹಸಿ ಶಾವಿಗೆಯ ಕೋಲು ಹೊತ್ತು ಆಕೆ ನೇರ ನನ್ನ ಬಾಗಿಲಿಗೆ ಬಂದಳು. “ಯಕ್ಕಾ, ನಿಮ್ಮ ಮಾಳಗಿ ಮ್ಯಾಲ ಹಾಕ್ಲೇನ್ರಿ?”

“ನಮ್ದು ತಡೀತೈತೋ ಇಲ್ಲೋ, ನಿನ್ನ ಟವರಿನವ್ರನ್ನ ಕೇಳ್ಕೊಂಡ ಬಾ,” ಎಂದೆ.

ನಕ್ಕವಳೇ ಮೆಟ್ಟಿಲು ಹತ್ತಿಬಿಟ್ಟಳು. ಸಂಜೆ ಮೇಲೆ ಹೋಗಿ ನೋಡಿದೆ. ನನ್ನ ಶಾವಿಗೆಯ ಪಕ್ಕದಲ್ಲೇ ಅವಳದೂ ಒಣಗಿ ನಿಂತಿತ್ತು. ಅದರ ಎಳೆಯೂ ನನ್ನದಕ್ಕಿಂತ ಸಣ್ಣ, ನಯ.