ಹತ್ತು ನಿಮಿಷದ ಪೀಟರ್ಸ್‌ಬರ್ಗ್

ಮೊನ್ನೆ ಹಳೆಯ ಕೋಟುಗಳನ್ನು ಚಾರಿಟಿ ಅಂಗಡಿಗೆ ಕೊಡಲೆಂದು ಜೇಬು ತಡಕುತ್ತಿದ್ದಾಗ ನಾಲ್ಕು ಮಡಿಕೆಯ ಹಾಳೆಯೊಂದು ಸಿಕ್ಕಿತು. ಬಿಡಿಸಿ ನೋಡಿದೆ: ‘9.00 ಅರಮನೆ ಚೌಕ. 9.10 ಕಂಬ. 9.20 ಸೇತುವೆ.’ ಅಕ್ಷರ ನನ್ನದೇ, ಅಲ್ಲವೆನ್ನಲು ದಾರಿಯಿರಲಿಲ್ಲ.

ನಾನು ಇಂಗ್ಲೆಂಡಿನಲ್ಲಿ, ಬರ್ಮಿಂಗ್‌ಹ್ಯಾಮಿನ ಪಕ್ಕದ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ರೋಗಿಗೆ ಹತ್ತು ನಿಮಿಷ ಎಂಬ ನಿಯಮದಲ್ಲೇ ಕೂದಲು ಉದುರಿಸಿಕೊಂಡವನು. ಅಂಥವನು ಕೆಲವು ವರ್ಷಗಳ ಹಿಂದೆ ಹೆಂಡತಿಯ ಜೊತೆ ಸೇಂಟ್ ಪೀಟರ್ಸ್‌ಬರ್ಗ್ ನೋಡಲು ಹೊರಟರೆ ಇನ್ನೇನಾದೀತು, ನೀವೇ ಹೇಳಿ. ಅರಮನೆ, ಸೇತುವೆಗಳಿಗೆಲ್ಲ ಅಪಾಯಿಂಟ್‌ಮೆಂಟ್ ಕೊಟ್ಟೆ.

ಹೋಗಬೇಕೆಂಬ ಆಸೆ ಹೆಂಡತಿ ಗಿರಿಜಾಳದು. ಧಾರವಾಡದ ಅವಳ ಮನೆಗೆ ರಷ್ಯಾದ ಸಚಿತ್ರ ಪತ್ರಿಕೆ ಬರುತ್ತಿತ್ತಂತೆ. ಓದಿದವರು ಎಷ್ಟು ಜನವೋ, ಅದರ ನುಣುಪು ಹಾಳೆಗಳಂತೂ ಮಕ್ಕಳ ಪುಸ್ತಕಗಳಿಗೆ ಕವರ್ ಆಗುತ್ತಿದ್ದವು. ನಮ್ಮ ಮೈಸೂರಿನಲ್ಲೂ ಅಷ್ಟೇ. ನನ್ನ ವಿಜ್ಞಾನದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಇತ್ತು.

ಬಣ್ಣಬಣ್ಣದ ಗುಮ್ಮಟಗಳ ಚರ್ಚಿನೆದುರು ಗಿರಿಜಾ ನಿಂತೇಬಿಟ್ಟಳು.

“ನನ್ನ ಗಣಿತದ ಪುಸ್ತಕದ ಮ್ಯಾಲ ಇದ ಇತ್ತು ನೋಡ್ರಿ. ಲೆಕ್ಕ ಬರಲಿಲ್ಲಂದ್ರ ಇದನ್ನ ನೋಡ್ಕೋತ ಕೂಡ್ತಿದ್ದೆ, ಒಳಗ ಏನೈತೋ ಅಂತ. ಒಳಗ ಹೋಗೂಣು?”

“ಹತ್ತು ನಿಮಿಷ ಆಯ್ತು ಗಿರಿಜಾ. ಮ್ಯೂಸಿಯಂ ಸಾಲು ಬೆಳೆದುಬಿಡುತ್ತೆ.”

ಅವಳೇನಾದರೂ ರೋಗಿಯಾಗಿದ್ದರೆ, ಇನ್ನೊಂದು ಅಪಾಯಿಂಟ್‌ಮೆಂಟ್ ತಗೊಳ್ಳಿ ಎಂದೂ ಹೇಳುತ್ತಿದ್ದೆನೇನೋ. ಗುಮ್ಮಟಗಳನ್ನು ತಿರುತಿರುಗಿ ನೋಡುತ್ತಾ ನನ್ನ ಹಿಂದೆ ಬಂದಳು.

ಮ್ಯೂಸಿಯಂ ಸಾಲಿನಲ್ಲಿ ಒಂದೂವರೆ ತಾಸು ನಿಂತೆ. ಅಂಗಡಿಯಲ್ಲಿ ಗೊಂಬೆ ನೋಡಿ ಬರುತ್ತೇನೆಂದು ಹೋದವಳು ಬಾಗಿಲು ಹತ್ತಿರವಾದಾಗ ಬರಿಗೈಯಲ್ಲಿ ಬಂದಳು. ಏನೂ ಕೊಳ್ಳಲಿಲ್ಲವಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅಲ್ಲಿಂದಾಚೆ ಬರ್ಮಿಂಗ್‌ಹ್ಯಾಮಿನ ಪ್ರತಿ ಯುಗಾದಿ ಊಟದಲ್ಲೂ, “ಇಡೀ ಪೀಟರ್ಸ್‌ಬರ್ಗ್ ತೋರಿಸಿಬಿಟ್ಟೆ ಇವಳಿಗೆ” ಎಂದು ಕೊಚ್ಚಿಕೊಂಡಿದ್ದೇನೆ. ಅವಳು ಎಲ್ಲರಿಗೂ ಹೋಳಿಗೆ ಬಡಿಸುತ್ತಿದ್ದಳು.

ಮೊನ್ನೆ ಆ ಹಾಳೆ ಹಿಡಿದು ಕೂತಾಗ ಆ ಕಂಬ ಹೇಗಿತ್ತೆಂಬುದೇ ನೆನಪಿಗೆ ಬರಲಿಲ್ಲ. ಸೇತುವೆಯೂ ಇಲ್ಲ. ನೆನಪಾದದ್ದು ನನ್ನ ಕೈಗಡಿಯಾರ ಮಾತ್ರ, ಮತ್ತೆ ಆ ಚರ್ಚಿನೆದುರು ನಿಂತ ಅವಳ ಮುಖ. ಹಾಳೆ ಹಿಡಿದೇ ಅಡುಗೆಮನೆಗೆ ಹೋದೆ. ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು.

“ಆ ಚರ್ಚಿನೊಳಗೆ ಹೋಗೋಕೆ ನಾನು ನಿನ್ನ ಬಿಡಲೇ ಇಲ್ಲ. ತಪ್ಪಾಯ್ತು,” ಎಂದೆ.

“ಹೋಗಿದ್ನಲ್ರಿ!” ಎಂದಳು, ಕೈ ನಿಲ್ಲಿಸದೆ. “ನೀವು ಸಾಲಿನ್ಯಾಗ ನಿಂತಾಗ. ಗೊಂಬಿ ಯಾರಿಗೆ ಬೇಕಾಗಿತ್ತು?”

“ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ನೀವು ಒಮ್ಮೆರೆ ಕೇಳೀರೇನು?”

ದಿನಕ್ಕೆ ಮೂವತ್ತು ಜನರನ್ನು ‘ಏನು ತೊಂದರೆ’ ಎಂದು ಕೇಳುವವನು ನಾನು. ನಾಚಿಕೆಯಾಯಿತು.

“ಒಳಗೆ ಏನಿತ್ತು?” ಎಂದೆ.

ಅವಳು ನನ್ನನ್ನೊಮ್ಮೆ ನೋಡಿದಳು. ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಕುರ್ಚಿ ಎಳೆದುಕೊಂಡು ಕೂತಳು. “ಗ್ವಾಡಿ ತುಂಬ ಸಣ್ಣ ಸಣ್ಣ ಬಣ್ಣದ ಕಲ್ಲು...” ಎಂದು ಶುರುಮಾಡಿದಳು. ನಡುವೆ ಎರಡು ಸಲ ಏನೋ ಹೇಳಲು ಬಾಯಿ ತೆರೆದೆ. ಎರಡು ಸಲವೂ ಮುಚ್ಚಿಕೊಂಡೆ.